ಕ್ಷೌರದಂಗಡಿಯ ಮಹಾಪ್ರಯೋಗ

ವಿಶ್ವವಿದ್ಯಾಲಯದ ಹಿಂದಿನ ಗೇಟಿನಿಂದ ಹೊರಬಿದ್ದು ರಸ್ತೆ ದಾಟಿದರೆ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂಥ ಒಂದು ಕ್ಷೌರದಂಗಡಿ ಇದೆ. ಒಳಗೆ ಎದೆಮಟ್ಟದ ಮರದ ಅಡ್ಡಗೋಡೆ. ಗೋಡೆಯ ಬಲಕ್ಕೆ ಗಂಡಸರ ಕೂದಲು ಕತ್ತರಿಸುವವನು ಗಂಡ. ಎಡಕ್ಕೆ ಹೆಂಗಸರ ಕೂದಲು ಕತ್ತರಿಸುವವಳು ಹೆಂಡತಿ. ಅವನನ್ನು ಎಲ್ಲರೂ ಅಣ್ಣ ಅನ್ನುತ್ತಾರೆ, ಅವಳನ್ನು ಅಕ್ಕ. ಹೊಸದಾಗಿ ಬಂದವರು ಇಬ್ಬರನ್ನೂ ಒಡಹುಟ್ಟಿದವರೆಂದೇ ತಿಳಿದು "ನಿಮ್ಮಕ್ಕ ಬಹಳ ಗಂಭೀರ" ಎಂದುಬಿಟ್ಟು, ಅಡ್ಡಗೋಡೆಯ ಆಚೆಯಿಂದ ತೂರಿಬಂದ ಒಂದೇ ನೋಟಕ್ಕೆ ಕುರ್ಚಿಯಲ್ಲಿ ಮುದುಡಿಕೊಂಡದ್ದುಂಟು.

ಅಣ್ಣನ ಅಪ್ಪನದೂ ಇದೇ ಕಸುಬು. ಇಡೀ ಜೀವಮಾನದಲ್ಲಿ ಗಿರಾಕಿಗಳನ್ನು ಆತ ಕೇಳಿದ್ದು "ಸಣ್ಣಗಾ?" ಮತ್ತು "ಮೀಸೆ ಇರ್ಲಾ?" ಇಷ್ಟೇ. ಅಪ್ಪ ಕೂಡಿಟ್ಟ ಮಾತನ್ನೆಲ್ಲ ಬಡ್ಡಿ ಸಮೇತ ಖರ್ಚು ಮಾಡಲೆಂದೇ ಮಗ ಹುಟ್ಟಿದ. ಶಾಲೆಯಲ್ಲಿ ಮೇಷ್ಟ್ರು ಭೂಮಿ ತಿರುಗುತ್ತದೆ ಎಂದು ಬಾಯಿ ಮುಚ್ಚುವುದರೊಳಗೆ ಇವನು ಎದ್ದು ನಿಂತು, "ಹಾಗಾದ್ರೆ ಮೇಲೆ ಹಾರಿದ ಹಕ್ಕಿಗೆ ಗೂಡು ತಪ್ಪಲ್ವಾ ಸಾರ್?" ಎಂದು ಕೇಳುವನು. ಮೇಷ್ಟ್ರು ಹಕ್ಕಿಯನ್ನು ಬಿಟ್ಟು ಇವನನ್ನು ಹೊರಗೆ ಕಳಿಸುವರು. ಹೀಗೆ ಕಿಟಕಿಯ ಹೊರಗೆ ನಿಂತು ಕಲಿತಷ್ಟು ಕಲಿತು, ಹುಡುಗ ಕತ್ತರಿ ಹಿಡಿದ. ಆದರೆ ವಿಧಿಗೂ ಒಂದು ನ್ಯಾಯವಿದೆ. ಕೆಲವೇ ವರ್ಷಗಳಲ್ಲಿ ಅಂಗಡಿಯ ಎದುರಿಗೇ ವಿಶ್ವವಿದ್ಯಾಲಯ ತನ್ನ ಹಿಂದಿನ ಗೇಟು ತೆರೆಯಿತು. ತರಗತಿಯಿಂದ ಹೊರಹಾಕಿಸಿಕೊಂಡವನ ಮುಂದೆ ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಬಂದು ತಲೆ ತಗ್ಗಿಸಿ ಕೂರತೊಡಗಿದರು.

ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡ ಮೇಲೆ ಎಂಥ ವಿದ್ವಾಂಸನೂ ಎದ್ದು ಓಡುವಂತಿಲ್ಲ. ಅಣ್ಣ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, ಸೊಪ್ಪಿನ ಗಾಡಿಯ ಮುಂದೆ ನಿಂತ ಗೃಹಿಣಿಯ ಹಾಗೆ ಕೇಳುವನು: "ಏನ್ ಸಾರ್, ಈ ವಾರ ತಾಜಾ ಏನಿದೆ? ಏನ್ ಕಂಡುಹಿಡಿದ್ರಿ?"

ಅವರು ಹೇಳುವರು. ತಮ್ಮ ಸಂಶೋಧನೆಯನ್ನು ಮನೆಯಲ್ಲಿ ಯಾರೂ ಕೇಳದ ಜನ, ಕೇಳುವ ಕಿವಿ ಸಿಕ್ಕರೆ ಬಿಟ್ಟಾರೆಯೇ. ಭೌತಶಾಸ್ತ್ರದ ಒಬ್ಬ ಹಿರಿಯರು ಬರೀ ನೊರೆಯ ಮೇಲೆ ಕೆಲಸ ಮಾಡುತ್ತಿದ್ದರು. ಅಂಗಡಿಯಲ್ಲಿ ಅವರಿಗೆ ನೊರೆ ಮೇಷ್ಟ್ರು ಎಂದೇ ಹೆಸರು. ತಲೆಯಲ್ಲಿ ಕೂದಲೆಂಬುದು ಕಿವಿಯ ಆಸುಪಾಸಿನ ವದಂತಿಯಷ್ಟೇ ಆದ್ದರಿಂದ ಅವರು ಹೆಚ್ಚಾಗಿ ಗಡ್ಡಕ್ಕೆ ಬರುವರು. ಅಣ್ಣ ಕೆನ್ನೆಗೆ ಹಚ್ಚಿದ ನೊರೆಯನ್ನೇ ಬೆರಳಲ್ಲಿ ತೆಗೆದು, "ನೋಡು, ಇಟ್ಟರೆ ಗೋಪುರದ ಹಾಗೆ ನಿಲ್ಲುತ್ತೆ, ತಳ್ಳಿದರೆ ನೀರಿನ ಹಾಗೆ ಹರಿಯುತ್ತೆ. ಇದು ಗಟ್ಟಿಯೋ ದ್ರವವೋ?" ಎಂದು ಕೇಳುವರು. ಅಣ್ಣ ಆ ಪ್ರಶ್ನೆಯನ್ನು ಹಾಗೇ ಬೆಚ್ಚಗೆ ಇಟ್ಟುಕೊಂಡು, ಮುಂದಿನ ಗಿರಾಕಿಯಾದ ನಿದ್ದೆ ಡಾಕ್ಟರಿಗೆ ಬಡಿಸುವನು. ನಿದ್ದೆಯ ಮೇಲೆ ಅಧ್ಯಯನ ಮಾಡುವ ಆ ಡಾಕ್ಟರು ತಮ್ಮದನ್ನು ಕೊಡುವರು: ಎಷ್ಟು ಹೊತ್ತು ಮಲಗಿದಿರಿ ಅನ್ನುವುದಕ್ಕಿಂತ ದಿನವೂ ಒಂದೇ ಹೊತ್ತಿಗೆ ಮಲಗಿದಿರಾ ಅನ್ನುವುದು ಮುಖ್ಯವಂತೆ. ಅದು ಕಂಪ್ಯೂಟರ್ ವಿಭಾಗದ ಗುಂಗುರು ಕೂದಲಿನ ಉಪನ್ಯಾಸಕನಿಗೆ ಹೋಗುವುದು. ಅಣ್ಣ ಅವನನ್ನು ತಮ್ಮ ಅನ್ನುತ್ತಿದ್ದ. ತಮ್ಮ ತನ್ನ ಪಾಲಿಗೆ ಹೇಳಿದ್ದು, ಈಗಿನ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವವರಿಗಿಂತ ಧೈರ್ಯವಾಗಿ ಹೇಳುತ್ತವೆ ಎಂದು.

"ನಮ್ಮ ಮಾವನ ಹಾಗೆ," ಎಂದ ಅಣ್ಣ.

ಅಡ್ಡಗೋಡೆಯ ಆಚೆ ಅಕ್ಕನ ಕತ್ತರಿ ಒಂದು ಕ್ಷಣ ನಿಂತು, ಮತ್ತೆ ನಡೆಯಿತು.

ಒಂದೇ ಆವರಣದಲ್ಲಿ ಇಪ್ಪತ್ತು ವರ್ಷ ಇದ್ದೂ ಪರಸ್ಪರ ಮುಖ ನೋಡದ ವಿಭಾಗಗಳು ಹೀಗೆ ಅಣ್ಣನ ಕುರ್ಚಿಯಲ್ಲಿ ಸಂಬಂಧ ಬೆಳೆಸಿದವು. ಸಾಗಾಣಿಕೆಯಲ್ಲಿ ಸ್ವಲ್ಪ ಸರಕು ಚೆಲ್ಲುವುದು ಸಹಜ. ಅಣ್ಣನ ಕೈಯಲ್ಲಿ ಮುಖ್ಯವಾಗಿ ಚೆಲ್ಲಿಹೋಗುತ್ತಿದ್ದದ್ದು ಇಲಿ. ಡಾಕ್ಟರು "ಇಲಿಗಳಲ್ಲಿ ಕಂಡುಬಂದಿದೆ" ಎಂದದ್ದು ಎರಡನೇ ತಲೆಗೆ ಬರುವಾಗ "ಕಂಡುಬಂದಿದೆ" ಎಂದಷ್ಟೇ ಉಳಿಯುತ್ತಿತ್ತು. ಮೂರನೇ ತಲೆಗೆ "ನಮ್ಮ ನಿಮ್ಮಂಥವರಲ್ಲೇ" ಎಂದು ಸೇರುತ್ತಿತ್ತು. ಆಗ ಆಚೆ ಕಡೆಯಿಂದ ದಿನದಲ್ಲಿ ಒಮ್ಮೆ ಅಕ್ಕನ ದನಿ ಬರುವುದು: "ಇಲಿಗೋ, ಮನುಷ್ಯರಿಗೋ?" ಅಣ್ಣ ಗಂಟಲು ಸರಿಮಾಡಿಕೊಂಡು, "ಸದ್ಯಕ್ಕೆ ಇಲಿಗೆ," ಎಂದು ಒಪ್ಪಿಕೊಳ್ಳುವನು.

ಬೇರೆಯವರು ಸಂಶೋಧನೆ ಕೇಳಿ ತಲೆಯಾಡಿಸುತ್ತಾರೆ, ಅಣ್ಣ ಪಾಲಿಸುತ್ತಿದ್ದ. ಒಂಟಿಕಾಲಲ್ಲಿ ಹೆಚ್ಚು ಹೊತ್ತು ನಿಲ್ಲಬಲ್ಲವರಿಗೆ ಮುಪ್ಪು ನಿಧಾನ ಎಂದು ಯಾರೋ ಹೇಳಿದ ವಾರವಿಡೀ ಕೊಕ್ಕರೆಯ ಹಾಗೆ ನಿಂತು ಕ್ಷೌರ ಮಾಡಿದ. ಕೊರಳ ಮೇಲೆ ಕತ್ತಿ ಇಟ್ಟವನು ಒಂಟಿಕಾಲಲ್ಲಿ ತೂಗಾಡುವುದನ್ನು ಕನ್ನಡಿಯಲ್ಲಿ ಕಂಡ ಗಿರಾಕಿಗಳಿಗೆ ಆ ವಾರ ಮುಪ್ಪು ಬೇಗ ಬಂತು. ಆದರೂ ಒಬ್ಬರೂ ಅಂಗಡಿ ಬಿಡಲಿಲ್ಲ.

ಇಂಥ ಮಹಾಪುರುಷನಿಗೆ ಆಪತ್ತು ಬಂದದ್ದು ಒಂದು ಮಧ್ಯಾಹ್ನ, ಅಡ್ಡಗೋಡೆಯ ಎಡಗಡೆಯಿಂದ. ಸಮಾಜಶಾಸ್ತ್ರದ ಸಮೀಕ್ಷೆ ಮೇಡಂ ಅಕ್ಕನ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಏನನ್ನೂ ಕೇಳುವವಳಲ್ಲ. ಅದಕ್ಕೇ ಅವಳ ಮುಂದೆ ಎಲ್ಲರೂ ಎಲ್ಲವನ್ನೂ ಹೇಳುತ್ತಿದ್ದರು.

"ನಿಮಗೆ ಖುಷಿಯಾಗೋ ವಿಷಯ ಅಕ್ಕ," ಎಂದರು ಮೇಡಂ. "ನಾವು ಹತ್ತಾರು ಊರುಗಳ ಕ್ಷೌರದಂಗಡಿ ಸುತ್ತಿ ಒಂದು ಅಧ್ಯಯನ ಮಾಡಿದ್ವಿ. ಕತ್ತರಿಸೋವಾಗ ಸುಮ್ಮನಿರೋರ ಹತ್ತಿರ ಗಿರಾಕಿಗಳು ಬೇಗ ವಾಪಸ್ ಬರ್ತಾರೆ. ಮಾತಾಡೋರ ಹತ್ತಿರ ತಡವಾಗಿ."

ಬಲಗಡೆ ಅಣ್ಣನ ಕತ್ತರಿ ನಿಂತಿತು. ಅವನ ಕೈಕೆಳಗೆ ಕನ್ನಡಕದ ಅಂಗಡಿಯವನ ಅರ್ಧ ತಲೆ ಮುಗಿದಿತ್ತು. ಉಳಿದರ್ಧವನ್ನು ಅಣ್ಣ ಒಂದೂ ಮಾತಿಲ್ಲದೆ ಮುಗಿಸಿದ. ಇಷ್ಟು ವರ್ಷ ಅವನು ಊರವರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ: ಸಂಶೋಧನೆ ಹೇಳಿದ ಮೇಲೆ ಮುಗಿಯಿತು, ನಮ್ಮಿಷ್ಟ ಅನ್ನುವುದು ಬೇರೆ, ನಿಜ ಅನ್ನುವುದು ಬೇರೆ. ಈಗ ಆ ಕತ್ತಿ ತನ್ನ ಕೊರಳಿಗೇ ಬಂದಾಗ ಹಿಂಜರಿದರೆ ಅವನ ಮಾತಿಗೆ ಬೆಲೆಯೇನು? ಮಾರನೆಯ ದಿನದಿಂದ ಅಣ್ಣ ಬಾಯಿಗೆ ಬೀಗ ಹಾಕಿದ.

ಅಂಗಡಿ ಸ್ಮಶಾನವಾಯಿತು. ಗಿರಾಕಿಗಳು ಕೂತು, ಕಾದು, ಕೆಮ್ಮಿ, ತಾವೇ ಏನಾದರೂ ಶುರುಮಾಡಿದರೆ ಅಣ್ಣ ಮುಗುಳ್ನಕ್ಕು ತಲೆಯಾಡಿಸುವನು. ಒಳಗೆ ಮಾತು ಕುದಿಯುತ್ತಿದ್ದದ್ದು ಅವನ ಕೆನ್ನೆಗಳಲ್ಲೇ ಕಾಣುತ್ತಿತ್ತು. ಮುಚ್ಚಳ ಮುಚ್ಚಿದ ಹಾಲಿನ ಪಾತ್ರೆ. ನೊರೆ ಮೇಷ್ಟ್ರು ಹೊರಗೆ ಬಂದು ಜೆರಾಕ್ಸ್ ಅಂಗಡಿಯಲ್ಲಿ ಗುಟ್ಟಾಗಿ ವಿಚಾರಿಸಿದರಂತೆ, "ಮನೇಲಿ ಏನಾದ್ರೂ ಸಾವು ಆಗಿದೆಯಾ?"

ಸಾವಲ್ಲ, ಪ್ರವಾಹ. ಹಗಲಿಡೀ ಕಟ್ಟೆ ಕಟ್ಟಿ ನಿಲ್ಲಿಸಿದ ಮಾತನ್ನು ಅಣ್ಣ ಮನೆಯ ಹೊಸ್ತಿಲು ದಾಟಿದ ಕೂಡಲೇ ಹರಿಯಬಿಡುತ್ತಿದ್ದ. ಅಕ್ಕ ಚಪ್ಪಲಿ ಬಿಡುವಾಗ ನಕ್ಷತ್ರ, ಕೈ ತೊಳೆಯುವಾಗ ಕರುಳಿನ ಕ್ರಿಮಿ, ಅನ್ನಕ್ಕಿಡುವಾಗ ಯಂತ್ರಗಳ ಬುದ್ಧಿ, ಉಣ್ಣುವಾಗ ಮಂಗಗಳ ಸಮಾಜ. ಅಂಗಡಿಯಲ್ಲಿ ಇಪ್ಪತ್ತು ಜನ ಹಂಚಿಕೊಂಡು ತಿನ್ನುತ್ತಿದ್ದದ್ದು ಈಗ ಅವಳೊಬ್ಬಳ ಎಲೆಗೆ. ಅವಳ ಸುಖಸಂಸಾರದ ಗುಟ್ಟೇ ಗಂಡ ಸಂಜೆಯ ಹೊತ್ತಿಗೆ ಖಾಲಿಯಾಗಿ ಬರುವುದಾಗಿತ್ತು. ಅದೀಗ ಕೈತಪ್ಪಿತು.

ಎರಡು ವಾರ ತಡೆದುಕೊಂಡಳು. ಮೂರನೇ ವಾರ ಮೇಡಂ ರಸ್ತೆಯಲ್ಲಿ ಸಿಕ್ಕಾಗ ಕೈಹಿಡಿದು ಅಂಗಡಿಯೊಳಗೆ ಎಳೆದುಕೊಂಡೇ ಬಂದಳು. ಕುರ್ಚಿಯಲ್ಲಿ ನಿದ್ದೆ ಡಾಕ್ಟರಿದ್ದರು, ಬೆಂಚಿನ ಮೇಲೆ ತಮ್ಮನಿದ್ದ.

"ಮೇಡಂ, ನಿಮ್ಮ ಅಧ್ಯಯನದಿಂದ ನನ್ನ ಕಿವಿ ಚಿಟ್ಟುಹಿಡೀತು. ಇವರ ಬಾಯಿ ಇಲ್ಲಿ ಮುಚ್ಚಿಸಿದ್ರಿ, ಅಲ್ಲಿ ತೆರೀತು. ದಯವಿಟ್ಟು ಅದನ್ನ ವಾಪಸ್ ತಗೊಳ್ಳಿ."

ಅಕ್ಕ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮೇಡಂ ತಬ್ಬಿಬ್ಬಾದರು. "ವಾಪಸ್ ತಗೊಳ್ಳೋಕೆ ಆಗಲ್ಲ ಅಕ್ಕ. ಆದ್ರೆ ಅದು ಎಲ್ಲ ಅಂಗಡಿಗಳನ್ನೂ ಸೇರಿಸಿ ಹೇಳಿದ ಮಾತು. ನಿಮ್ಮ ಅಂಗಡಿ ಬೇರೆ ಇರಬಹುದು."

"ಇರಬಹುದು ಅಂದ್ರೆ ಹೇಗೆ ಗೊತ್ತಾಗುತ್ತೆ?"

"ಪರೀಕ್ಷೆ ಮಾಡ್ಬೇಕು," ಎಂದರು ಡಾಕ್ಟರು, ಬಟ್ಟೆಯೊಳಗಿಂದ ಒಂದು ಕೈ ಹೊರತೆಗೆದು.

ಅಣ್ಣನ ಕಣ್ಣಲ್ಲಿ ದೀಪ ಹತ್ತಿತು. ತನ್ನ ಅಂಗಡಿಯಲ್ಲಿ, ತನ್ನ ಮೇಲೆಯೇ, ಒಂದು ಪ್ರಯೋಗ. ಜೀವನದಲ್ಲಿ ಮನುಷ್ಯ ಇನ್ನೇನು ಬಯಸಬಹುದು. ಮೌನವ್ರತ ಮುರಿದು ಕೇಳಿಯೇಬಿಟ್ಟ: "ಹೇಗೆ ಮಾಡೋದು ಸಾರ್?"

"ಕೆಲವರಿಗೆ ಮಾತು, ಕೆಲವರಿಗೆ ಮೌನ. ಆದ್ರೆ ಯಾರಿಗೆ ಯಾವುದು ಅಂತ ನೀನು ಆರಿಸಬಾರದು. ನೀನು ಆರಿಸಿದ್ರೆ ಇಷ್ಟವಾದವರಿಗೆಲ್ಲ ಮಾತು ಬೀಳುತ್ತೆ. ಅದೃಷ್ಟಕ್ಕೆ ಬಿಡಬೇಕು. ಗಿರಾಕಿಗೂ ಗುಟ್ಟು ಗೊತ್ತಾಗಬಾರದು. ಉತ್ತಮ ಪ್ರಯೋಗದಲ್ಲಂತೂ ಕೊಡೋನಿಗೇ ತಾನು ಏನು ಕೊಡ್ತಿದೀನಿ ಅಂತ ಗೊತ್ತಿರಬಾರದು."

ಅಣ್ಣ ಬಾಚಣಿಗೆಯಿಂದ ತಲೆ ಕೆರೆದುಕೊಂಡ. "ನಾನು ಮಾತಾಡ್ತಿದೀನೋ ಇಲ್ವೋ ಅಂತ ನನಗೇ ಗೊತ್ತಿರಬಾರದಾ?"

"ಅದೇನು ಕಷ್ಟ ಇಲ್ಲ," ಎಂದಳು ಅಕ್ಕ. "ಈಗಲೂ ಗೊತ್ತಿರಲ್ಲ."

ಕೊನೆಗೆ ಹೀಗೆ ನಿಶ್ಚಯವಾಯಿತು. ಗಿರಾಕಿ ಕೂತ ಕೂಡಲೇ ಅಕ್ಕ ಆಚೆ ಕಡೆ ಪೌಡರ್ ಡಬ್ಬಿಯ ಮುಚ್ಚಳವನ್ನು ಚಿಮ್ಮುವುದು. ಬೆನ್ನು ಮೇಲಾಗಿ ಬಿದ್ದರೆ ಅಡ್ಡಗೋಡೆಗೆ ಕತ್ತರಿಯಿಂದ ಒಂದು ಸಲ ತಟ್ಟುವುದು: ಮಾತು. ಹೊಟ್ಟೆ ಮೇಲಾಗಿ ಬಿದ್ದರೆ ಎರಡು ಸಲ: ಮೌನ. ಯಾರು ಯಾವಾಗ ವಾಪಸ್ ಬಂದರೆಂದು ತಮ್ಮ ತನ್ನ ಫೋನಿನಲ್ಲಿ ಗುರುತು ಹಾಕಿಕೊಳ್ಳುವುದು. ಎರಡು ತಿಂಗಳು. ಯಾರು ಬೇಗ ವಾಪಸ್ ಬರುತ್ತಾರೋ ಅವರ ಪಕ್ಷ ಗೆದ್ದಂತೆ.

"ಮೌನ ಗೆದ್ರೆ?" ಎಂದು ಕೇಳಿದ ತಮ್ಮ.

ಅಣ್ಣ ಎದೆಯ ಮೇಲೆ ಬಾಚಣಿಗೆ ಇಟ್ಟುಕೊಂಡ. "ಮೌನ ಗೆದ್ರೆ ಈ ಅಂಗಡೀಲಿ ನಾನು ಇನ್ನು ಮೂಗ. ಸಾಯೋವರೆಗೂ."

"ಮತ್ತೆ ಮನೇಲಿ?" ಎಂದಳು ಅಕ್ಕ.

ಪ್ರಯೋಗ ಶುರುವಾಯಿತು. ಒಂದು ತಟ್ಟು ಬಿದ್ದರೆ ಅಣ್ಣ ಕಟ್ಟಿಹಾಕಿದ ಕರುವಿನ ಹಗ್ಗ ಬಿಚ್ಚಿದ ಹಾಗೆ ನೆಗೆಯುವನು. "ಕೇಳಿದ್ರಾ ಸಾರ್, ಹೊಸ ವಿಷಯ" ಎಂದು ಹಣೆಯಿಂದ ಹೊರಟರೆ ಕತ್ತು ತಲುಪುವಷ್ಟರಲ್ಲಿ ಮೂರು ವಿಜ್ಞಾನ ಮುಗಿದಿರುವುದು. ಎರಡು ತಟ್ಟು ಬಿದ್ದರೆ ತುಟಿ ಕಚ್ಚಿಕೊಂಡು, ಕಣ್ಣಲ್ಲೇ ಕ್ಷಮೆ ಕೇಳುತ್ತ ಕತ್ತರಿಸುವನು. ಗುಟ್ಟು ಎರಡನೇ ದಿನಕ್ಕೇ ರಟ್ಟಾಯಿತು. ಬಾಯಿ ಮುಚ್ಚಿಕೊಂಡಿರಬೇಕಾಗಿದ್ದ ತಮ್ಮನೇ ಜೆರಾಕ್ಸ್ ಅಂಗಡಿಯಲ್ಲಿ ಉಸುರಿದ್ದ. ಜೆರಾಕ್ಸ್ ಅಂಗಡಿಯಲ್ಲಿ ಉಸುರಿದ ಮೇಲೆ ಪ್ರತಿಗಳಿಗೆ ಬರವೇ? ಜನ ಕುರ್ಚಿಯಲ್ಲಿ ಕೂತು ಉಸಿರು ಹಿಡಿದು ಗೋಡೆಗೆ ಕಿವಿ ಕೊಡುವರು. ಮೊದಲ ತಟ್ಟಿಗೆ ಮುಖ ಅರಳುವುದು; ಎರಡನೆಯದು ಬಿದ್ದರೆ ಬಾಡುವುದು. ಕನ್ನಡಕದ ಅಂಗಡಿಯವನು ಒಮ್ಮೆ ಅಕ್ಕನಿಗೆ, "ಆ ಮುಚ್ಚಳ ಸ್ವಲ್ಪ ನೋಡಿ ಹಾಕಿ ಅಕ್ಕ" ಎಂದು ಹಲ್ಲುಗಿಂಜಿದ. ಅಕ್ಕ ಅವನನ್ನು ನೋಡಿದಳು. ಅವನು ಮತ್ತೆ ಆ ಮಾತೆತ್ತಲಿಲ್ಲ. ಗಂಡನ ಬಾಯಿ ತೆರೆಯಲೆಂದು ಅವಳಿಗೂ ಆಸೆಯಿತ್ತು, ಬೆಟ್ಟದಷ್ಟು ಆಸೆ; ಆದರೆ ಮುಚ್ಚಳಕ್ಕೆ ಅವಳು ಒಮ್ಮೆಯೂ ಮೋಸ ಮಾಡಲಿಲ್ಲ.

ನೊರೆ ಮೇಷ್ಟ್ರ ಅದೃಷ್ಟವಂತೂ ಹೇಳತೀರದು. ಬಂದಾಗೆಲ್ಲ ಟಕ್ ಟಕ್. ಮತ್ತೆ ಬಂದರು, ಟಕ್ ಟಕ್. ಕೆನ್ನೆಯ ನೊರೆಯ ಮೇಲಿನ ಅವರ ಕಣ್ಣು, ಮನೆ ತೋರಿಸಿ ಬೀಗ ಹಾಕಿದಾಗಿನ ಕಳ್ಳನ ಕಣ್ಣಿನ ಹಾಗಿರುತ್ತಿತ್ತು.

ಫಲಿತಾಂಶದ ದಿನ ಅಂಗಡಿಗೆ ರಜೆ. ಆದರೂ ಬೆಂಚು ತುಂಬಿ, ಜನ ಬಾಗಿಲಲ್ಲಿ ನಿಂತಿದ್ದರು. ಮೇಡಂ, ಡಾಕ್ಟರು, ನೊರೆ ಮೇಷ್ಟ್ರು, ಅಕ್ಕಪಕ್ಕದ ಅಂಗಡಿಯವರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತನ್ನದೇ ಕುರ್ಚಿಯ ಪಕ್ಕ ಗಿರಾಕಿಯ ಹಾಗೆ ನಿಂತಿದ್ದ. ತಮ್ಮ ಫೋನು ಹಿಡಿದು ಎದ್ದ. ಅವನ ಗುಂಗುರು ಕೂದಲೂ ಜೋತುಬಿದ್ದ ಹಾಗಿತ್ತು.

"ಸುತ್ತಿಬಳಸಿ ಹೇಳಲ್ಲ ಅಣ್ಣ. ಮಾತು ಬಿದ್ದವರು ತಿಂಗಳಿಗೊಮ್ಮೆ, ಎಂದಿನ ಹಾಗೇ ಬಂದಿದಾರೆ. ಮೌನ ಬಿದ್ದವರು ಅದಕ್ಕಿಂತ ಎಷ್ಟೋ ಬೇಗ. ಸಂದೇಹವೇ ಇಲ್ಲ. ಮೌನ ಗೆದ್ದಿದೆ."

ಬಾಗಿಲ ಹೊರಗೆ ಹೋಗುತ್ತಿದ್ದ ಸೈಕಲ್ಲಿನ ಗಂಟೆ ಕೇಳಿಸಿತು. ಅಣ್ಣ ನಿಧಾನವಾಗಿ ಜೇಬಿನ ಬಾಚಣಿಗೆ ತೆಗೆದು, ಸೋತ ಸೇನಾಪತಿ ಖಡ್ಗ ಇಡುವಂತೆ ಕನ್ನಡಿಯ ಮುಂದಿನ ಹಲಗೆಯ ಮೇಲೆ ಇಟ್ಟ. "ಸರಿ," ಎಂದ. "ನಿಜ ನಿಜವೇ. ಇದೇ ನನ್ನ ಕೊನೇ ಮಾತು." ಅಕ್ಕನ ಮುಖ ಮಾತ್ರ ಬಿಳುಚಿತ್ತು. ಮುಂದಿನ ಮೂವತ್ತು ವರ್ಷಗಳ ಸಂಜೆಗಳು ಒಂದರ ಹಿಂದೊಂದು ಮಂಗಗಳ ಸಮಾಜವನ್ನು ಹೊತ್ತು ಅವಳ ಕಣ್ಣೆದುರು ನಡೆದುಬರುತ್ತಿದ್ದವು.

ಆಗ ನೊರೆ ಮೇಷ್ಟ್ರು ಎದ್ದು ನಿಂತು ತಮ್ಮ ತಲೆಯನ್ನು ಎಲ್ಲರ ಕಡೆಗೂ ಬಗ್ಗಿಸಿದರು. ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಸರಾಗವಾಗಿ ಜಾರಿತು.

"ಎಲ್ಲರೂ ಒಂದ್ಸಲ ನೋಡಿ. ಈ ತಲೆ ಹೊತ್ತುಕೊಂಡು ನಾನು ಒಂದು ತಿಂಗಳಲ್ಲಿ ಎಷ್ಟು ಸಲ ಬಂದೆ ತಮ್ಮ?"

ತಮ್ಮ ಫೋನು ನೋಡಿದ. "ಆರು ಸಾರ್."

"ನನಗೆ ಕೂದಲು ಬೆಳೀತಿದೆಯಾ?"

"ಇಲ್ಲ ಸಾರ್."

"ಗಡ್ಡ?"

"ನಿಮ್ಮದು ಅಷ್ಟು ಬೇಗ ಬೆಳೆಯಲ್ಲ ಸಾರ್."

"ಮತ್ತೆ ಯಾಕೆ ಬಂದೆ? ಮೊದಲನೇ ಸಲ ಟಕ್ ಟಕ್ ಬಿತ್ತು. ಇವನ ಹೊಟ್ಟೇಲಿ ಏನೋ ಹೊಸ ಸುದ್ದಿ ಇದೆ ಅಂತ ಮುಖದಲ್ಲೇ ಕಾಣ್ತಿತ್ತು. ನನಗೆ ನಿದ್ದೆ ಬರಲಿಲ್ಲ. ನಾಲ್ಕು ದಿನ ಬಿಟ್ಟು ಬಂದೆ, ಈ ಸಲವಾದ್ರೂ ಹೇಳ್ತಾನೆ ಅಂತ. ಮತ್ತೆ ಟಕ್ ಟಕ್. ನನ್ನ ಕೆನ್ನೆ ಉರೀತಿದೆ ಮಾರಾಯ, ಇನ್ನು ಕೆರೆಯೋಕೆ ಚರ್ಮ ಇಲ್ಲ."

ಕನ್ನಡಕದ ಅಂಗಡಿಯವನು ನಿಧಾನವಾಗಿ ಕೈ ಎತ್ತಿದ. "ನಾನೂ ಅದಕ್ಕೇ ಬಂದದ್ದು. ನನಗೆ ಗಡ್ಡವೇ ಸರಿಯಾಗಿ ಬರಲ್ಲ." ಜೆರಾಕ್ಸಿನವನೂ ಒಪ್ಪಿಕೊಂಡ; ಅವನು ಒಂದೇ ವಾರದಲ್ಲಿ ಮೀಸೆಯನ್ನು ಮೂರು ಸಲ ಚಿಕ್ಕದು ಮಾಡಿಸಿ, ಈಗ ಮೀಸೆ ಇದ್ದ ಜಾಗವನ್ನು ಕೈಯಿಂದ ಮುಚ್ಚಿಕೊಂಡು ಓಡಾಡುತ್ತಿದ್ದ. ಗಂಭೀರವಾಗಿ ಕೂತಿದ್ದ ಡಾಕ್ಟರು ಒಮ್ಮೆ ಕೆಮ್ಮಿ, ತಾವು ಕಿವಿಯ ಕೂದಲು ತೆಗೆಸುವ ನೆಪದಲ್ಲಿ ಬಂದದ್ದು ಎಂದರು.

ತಮ್ಮ ಫೋನಿನ ಮೇಲೆ ಬೆರಳಾಡಿಸಿ ಬೆರಗಾದ. "ಹೌದು ಮೇಡಂ. ಎರಡು ಸಲ ಮೌನ ಬಿದ್ದವರು ಇನ್ನೂ ಬೇಗ ಬಂದಿದಾರೆ. ಮೂರು ಸಲ ಬಿದ್ದವರು ಎರಡೇ ದಿನಕ್ಕೆ."

"ಮತ್ತೆ ಮಾತು ಬಿದ್ದವರು ಯಾಕೆ ತಡ?" ಎಂದರು ಮೇಡಂ.

"ಅವರಿಗೆ ಹೊಟ್ಟೆ ತುಂಬಿತ್ತಲ್ಲಮ್ಮ," ಎಂದರು ನೊರೆ ಮೇಷ್ಟ್ರು.

ಮೇಡಂ ನಗತೊಡಗಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕರು. "ಎಷ್ಟು ಬೇಗ ಬಂದ್ರು ಅಂತ ಲೆಕ್ಕ ಹಾಕಿದ್ವಿ. ಯಾಕೆ ಬಂದ್ರಿ ಅಂತ ಒಬ್ಬರನ್ನಾದ್ರೂ ಕೇಳಿದ್ವಾ. ನಾನಿನ್ನು ಹತ್ತಾರು ಊರು ಮತ್ತೆ ಸುತ್ತಬೇಕು." ಅದನ್ನು ಹೇಳುವಾಗ ಅವರ ಮುಖದಲ್ಲಿ ದಣಿವಿರಲಿಲ್ಲ, ಹೊಸ ಊರುಗಳಿಗೆ ರೈಲು ಹತ್ತುವವರ ಹುರುಪಿತ್ತು.

ಎಲ್ಲರೂ ಅಣ್ಣನ ಕಡೆ ತಿರುಗಿದರು. ಅಣ್ಣ ಬಾಯಿ ತೆರೆಯಲಿಲ್ಲ. ಕೊನೇ ಮಾತು ಆಡಿಯಾಗಿತ್ತಲ್ಲ. ಕೈಸನ್ನೆ ಮಾಡಿ ತಮ್ಮನ ಫೋನು ತೋರಿಸಿದ, ತನ್ನ ಎದೆ ತೋರಿಸಿದ, ಆಕಾಶ ತೋರಿಸಿದ: ಲೆಕ್ಕದಲ್ಲಿ ಮೌನ ಗೆದ್ದಿದೆ, ಆಡಿದ ಮಾತಿಗೆ ತಪ್ಪುವವನಲ್ಲ ನಾನು. ಡಾಕ್ಟರು ತರ್ಕದಿಂದ ಹೇಳಿದರು, ಮೇಡಂ ಬೇಡಿಕೊಂಡರು, ಕನ್ನಡಕದವನು ಕಾಲು ಮುಟ್ಟಲು ಬಗ್ಗಿದ. ಅಣ್ಣ ಕಲ್ಲಿನ ಕಂಬ.

ಅಕ್ಕ ಅಡ್ಡಗೋಡೆಯ ಬಾಗಿಲು ತಳ್ಳಿಕೊಂಡು ಬಲಗಡೆಗೆ ಬಂದಳು. ಹಲಗೆಯ ಮೇಲಿದ್ದ ಬಾಚಣಿಗೆ ಎತ್ತಿ ಗಂಡನ ಕೈಗಿಟ್ಟಳು. "ರೀ, ಅವತ್ತು ಏನಂದ್ರಿ? ಬೇಗ ಬಂದವರ ಪಕ್ಷ ಗೆದ್ದ ಹಾಗೆ ಅಂತ ತಾನೇ? ಬೇಗ ಬಂದವರು ಇವರೇ. ಅವರ ಪಕ್ಷ ಯಾವುದು, ಅವರನ್ನೇ ಕೇಳಿ."

ಅಣ್ಣ ಬೆಂಚಿನ ಕಡೆ ನೋಡಿದ. ಬೆಂಚು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಅವನ ಕೆನ್ನೆ ಒಮ್ಮೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ನೊರೆ ಮೇಷ್ಟ್ರನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಬಿಳಿ ಬಟ್ಟೆಯನ್ನು ಒಮ್ಮೆ ಝಾಡಿಸಿದ.

"ಸಾರ್," ಎಂದ, "ಎರಡು ತಿಂಗಳದ್ದು ಬಾಕಿ ಇದೆ. ಎಲ್ಲಿಂದ ಶುರುಮಾಡಲಿ?"

"ಎಲ್ಲಿಂದಾದ್ರೂ. ಕತ್ತಿ ಮಾತ್ರ ಮುಟ್ಟಬೇಡ."

ಆ ಮಧ್ಯಾಹ್ನ ಅಂಗಡಿಯಲ್ಲಿ ಒಂದು ಕೂದಲೂ ಬೀಳಲಿಲ್ಲ. ನಕ್ಷತ್ರ, ಕರುಳು, ಯಂತ್ರ, ಮಂಗ ಎಲ್ಲವೂ ಮೆರವಣಿಗೆ ಹೊರಟವು. ಡಾಕ್ಟರ ಸಂಶೋಧನೆಯನ್ನು ಅಣ್ಣ ಡಾಕ್ಟರಿಗೇ ಹೇಳಿದ; ಅವರು ಹೊಸದೆಂಬಂತೆ ಕೇಳಿದರು. ಅಣ್ಣನ ಬಾಯಲ್ಲಿ ಅದು ಸಾಕಷ್ಟು ಹೊಸದೂ ಆಗಿತ್ತು. ಅತ್ತ ಅಕ್ಕ ತನ್ನ ಬದಿಗೆ ಹೋಗಿ, ಬಂದಿದ್ದೀರಿ ಎಂದಮೇಲೆ ಆಗಲಿ ಎಂದು ಮೇಡಂ ಅವರ ತಲೆ ತೊಳೆದು ಡ್ರೈಯರಿನಿಂದ ಒಣಗಿಸಿದಳು.

ಸಂಜೆ ಮನೆಗೆ ಬಂದ ಅಣ್ಣ ಪೂರ್ತಿ ಖಾಲಿ. ಮಾತಿಲ್ಲದೆ ಚಪ್ಪಲಿ ಬಿಟ್ಟ, ಮಾತಿಲ್ಲದೆ ಉಂಡ, ದೀಪ ಹತ್ತಿಸುವ ಹೊತ್ತಿಗೇ ಆರಾಮಕುರ್ಚಿಯಲ್ಲಿ ನಿದ್ದೆ ಹೋದ. ಅಕ್ಕ ಎದುರಿಗೆ ಕೂತು ಕಾಲು ಚಾಚಿದಳು. ಎಷ್ಟೋ ವಾರಗಳ ಮೇಲೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ಸವಿದಳು. ಇನ್ನೂ ಸ್ವಲ್ಪ ಹೊತ್ತು ಸವಿದಳು. ಗಂಡ ಸಣ್ಣಗೆ ಗೊರಕೆ ತೆಗೆದ. ಅವಳು ಎದ್ದು ನೀರು ಕುಡಿದು ಬಂದು ಕೂತಳು. ಆಮೇಲೆ ಬಗ್ಗಿ ಅವನ ಮೊಣಕಾಲು ಅಲ್ಲಾಡಿಸಿದಳು.

"ರೀ. ಮಧ್ಯಾಹ್ನ ಅಂಗಡೀಲಿ ಆ ಗೊರಕೆಯ ವಿಷಯ ಹೇಳ್ತಿದ್ರಲ್ಲ, ಪಕ್ಕದಲ್ಲಿ ಮಲಗೋ ಹೆಂಡತಿಯರಿಗೆ ಅಂತ. ಅಷ್ಟರಲ್ಲಿ ನಾನು ಡ್ರೈಯರ್ ಹಾಕಿದೆ. ಹೆಂಡತಿಯರಿಗೆ ಏನಾಗುತ್ತಂತೆ?"

ಅಣ್ಣ ಕಣ್ಣು ಬಿಟ್ಟ. ನೆಟ್ಟಗೆ ಕೂತ. ಮುಖ ತುಂಬ ಬೆಳಕು.

"ಮೊದಲಿಂದ ಹೇಳ್ಲಾ?"

"ಕೊನೆಯದಷ್ಟೇ ಹೇಳಿ," ಎಂದು ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.